ಅಮೆರಿಕದ ನಿರ್ಬಂಧ ಕಾನೂನಾದರೆ ಪೀಣ್ಯಕ್ಕೇನು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ವಾಲ್ವ್ ಮತ್ತು ಬೇರಿಂಗ್ ಬಿಡಿಭಾಗ ಮಾಡಿ ರಫ್ತು ಮಾಡುತ್ತೇವೆ. ರಷ್ಯಾದ ತೈಲ ಕೊಳ್ಳುವ ದೇಶಗಳ ಮೇಲೆ 500 ಪರ್ಸೆಂಟ್ ಸುಂಕ ಹಾಕುವ ಮಸೂದೆ ಅಮೆರಿಕದಲ್ಲಿ ಬಂತು ಎಂದು ಓದಿದಾಗಿನಿಂದ ತಲೆ ಕೆಟ್ಟಿದೆ. ಅಧ್ಯಕ್ಷರು ಆದೇಶ ಹೊರಡಿಸಿ ಹಾಕುವ ನಿರ್ಬಂಧಕ್ಕೂ ಸಂಸತ್ತು ಕಾನೂನು ಮಾಡಿ ಹಾಕುವ ನಿರ್ಬಂಧಕ್ಕೂ ಏನು ವ್ಯತ್ಯಾಸ? ಅವರ ಕಾನೂನು ನನಗ್ಯಾಕೆ ತಟ್ಟಬೇಕು? ನಮ್ಮ ದೇಶದಲ್ಲೂ ಇಂಥ ಕಾನೂನು ಇದೆಯೇ?

ಉತ್ತರ: ಮೂರರಲ್ಲಿ ನಿಮ್ಮ ಮೊದಲ ಪ್ರಶ್ನೆಯೇ ದೊಡ್ಡದು. ಅದನ್ನು ಸರಿಯಾಗಿ ಹಿಡಿದರೆ ಉಳಿದೆರಡು ಸಲೀಸು.

ಆದೇಶವನ್ನು ಸಹಿ ಹಾಕಿದವರೇ ಮರುದಿನ ವಾಪಸ್ ತೆಗೆದುಕೊಳ್ಳಬಹುದು. ಅವರ ನಂತರ ಬಂದವರೂ ತೆಗೆಯಬಹುದು. ಕಾನೂನು ಹಾಗಲ್ಲ. ಅದನ್ನು ತೆಗೆಯಲು ಮತ್ತೆ ಸಂಸತ್ತೇ ಕೂರಬೇಕು, ಮತ ಹಾಕಬೇಕು. ಬೇರೆ ದೇಶಕ್ಕೆ ಅನುಕೂಲ ಮಾಡಿಕೊಡಲು ಯಾವ ಸಂಸದರಿಗೂ ಆತುರ ಇರುವುದಿಲ್ಲ, ಅಲ್ವಾ? ಅದಕ್ಕೇ ಇಂಥ ಮಸೂದೆ ಕೈಗೆ ಬಂದರೆ ನಾನು ಕೊನೆಯಿಂದ ಓದಲು ಶುರು ಮಾಡುತ್ತೇನೆ. ಏನೇನು ನಿಷೇಧ ಎನ್ನುವುದನ್ನು ಆಮೇಲೆ ನೋಡಿದರಾಯಿತು. ಇದು ಯಾವಾಗ ಮುಗಿಯುತ್ತದೆ, ಯಾರು ಮುಗಿಸಬಹುದು, ನಡುವೆ ವಿನಾಯಿತಿ ಕೊಡುವ ಅಧಿಕಾರ ಯಾರಿಗಿದೆ? ಕಾನೂನಿನ ಜೀವ ಇರುವುದು ಅಲ್ಲಿ.

ಅಮೆರಿಕದ ಅಧ್ಯಕ್ಷರು ಸಾಮಾನ್ಯವಾಗಿ ಬಳಸುವುದು 1977ರ ಒಂದು ಕಾನೂನನ್ನು. ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆ ಅಂತ ಕರೆಯಬಹುದು. ಹೊರಗಿನಿಂದ ದೇಶಕ್ಕೆ ಅಪಾಯವಿದೆ ಎಂದು ತುರ್ತು ಸ್ಥಿತಿ ಘೋಷಿಸಿದರೆ ಸಾಕು, ಆಸ್ತಿ ತಡೆಹಿಡಿಯಬಹುದು, ವಹಿವಾಟು ನಿಲ್ಲಿಸಬಹುದು. 2025ರ ಆಗಸ್ಟ್‌ನಲ್ಲಿ ರಷ್ಯಾ ತೈಲದ ನೆಪದಲ್ಲಿ ಭಾರತದ ಸರಕಿನ ಮೇಲೆ 25 ಪರ್ಸೆಂಟ್ ಹೆಚ್ಚುವರಿ ಸುಂಕ ಬಿತ್ತಲ್ಲ, ಅದು ಕೂಡ ಇದೇ ದಾರಿಯಲ್ಲಿ, ಆದೇಶದ ಮೂಲಕ ಬಂದದ್ದು. ನೀವು ಓದಿದ 500 ಪರ್ಸೆಂಟ್ ಮಸೂದೆ ಬೇರೆ. ಸೆನೆಟರ್‌ಗಳಾದ ಲಿಂಡ್ಸೆ ಗ್ರಹಾಂ ಮತ್ತು ರಿಚರ್ಡ್ ಬ್ಲೂಮೆಂಥಾಲ್ ಅದನ್ನು 2025ರ ಏಪ್ರಿಲ್‌ನಲ್ಲಿ ಮಂಡಿಸಿದರು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಾಟ್. ನಿರ್ಬಂಧದ ಮಸೂದೆಗಳಲ್ಲಿ ಎರಡೂ ಪಕ್ಷ ಹೀಗೆ ಕೈಜೋಡಿಸುವುದು ಮಾಮೂಲು. ಹೊರದೇಶವನ್ನು ಬೈಯಲು ಮತ ಖರ್ಚಾಗುವುದಿಲ್ಲ ನೋಡಿ.

ಈಗ ಎರಡು ಹಳೆಯ ಕಾನೂನುಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸುತ್ತೇನೆ.

ಮೊದಲನೆಯದು ದಕ್ಷಿಣ ಆಫ್ರಿಕಾದ್ದು. ವರ್ಣಭೇದ ನೀತಿಯ ವಿರುದ್ಧ 1986ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಅಧ್ಯಕ್ಷ ರೇಗನ್‌ಗೆ ಅದು ಇಷ್ಟವಿರಲಿಲ್ಲ. ವೀಟೊ ಮಾಡಿದರು. ಸಂಸತ್ತು ಜಗ್ಗಲಿಲ್ಲ. ಸೆನೆಟ್ 78–21 ಮತಗಳಿಂದ ವೀಟೊವನ್ನು ಪಕ್ಕಕ್ಕೆ ತಳ್ಳಿತು. ಅದರಲ್ಲಿ ನಿರ್ಬಂಧ ಮುಗಿಯುವ ಷರತ್ತುಗಳನ್ನು ಒಂದೊಂದಾಗಿ ಬರೆದಿದ್ದರು. ನೆಲ್ಸನ್ ಮಂಡೇಲಾ ಮತ್ತು ರಾಜಕೀಯ ಕೈದಿಗಳ ಬಿಡುಗಡೆ ಆಗಬೇಕು. ತುರ್ತು ಪರಿಸ್ಥಿತಿ ತೆಗೆಯಬೇಕು. ಪಕ್ಷಗಳ ಮೇಲಿನ ನಿಷೇಧ ಹೋಗಬೇಕು. ಜನರನ್ನು ಬಣ್ಣದ ಮೇಲೆ ವಿಂಗಡಿಸುವ ಎರಡು ಕಾನೂನು ರದ್ದಾಗಬೇಕು. ಕರಿಯರ ಜತೆ ಪ್ರಾಮಾಣಿಕವಾಗಿ ಮಾತುಕತೆಗೆ ಒಪ್ಪಬೇಕು. ಕೈದಿಗಳ ಬಿಡುಗಡೆ ಕಡ್ಡಾಯ. ಉಳಿದ ನಾಲ್ಕರಲ್ಲಿ ಮೂರು ಆದರೂ ಅಧ್ಯಕ್ಷರು ನಿರ್ಬಂಧ ತೆಗೆಯಬಹುದಿತ್ತು. ಮಂಡೇಲಾ 1990ರಲ್ಲಿ ಹೊರಬಂದರು. 1991ರ ಜುಲೈನಲ್ಲಿ ಜಾರ್ಜ್ ಬುಷ್ ಷರತ್ತು ಈಡೇರಿದೆ ಎಂದು ಹೇಳಿ ನಿರ್ಬಂಧ ತೆಗೆದರು. ಕಾನೂನು ಜಾರಿಯಾಗಿ ಐದು ವರ್ಷದೊಳಗೆ ಕೆಲಸ ಮುಗಿಯಿತು.

ಎರಡನೆಯದು ಕ್ಯೂಬಾದ್ದು. 1962ರಲ್ಲಿ ಕೆನಡಿ ಒಂದು ಘೋಷಣೆಯ ಮೂಲಕ ವ್ಯಾಪಾರ ನಿಲ್ಲಿಸಿದ್ದರು. ಮೂವತ್ತು ಚಿಲ್ಲರೆ ವರ್ಷ ಅದು ಅಧ್ಯಕ್ಷರ ಕೈಯಲ್ಲೇ ಇತ್ತು. 1996ರ ಫೆಬ್ರುವರಿಯಲ್ಲಿ ಕ್ಯೂಬಾದ ವಾಯುಪಡೆ ಮಯಾಮಿ ಕಡೆಯ ಒಂದು ಸಂಘಟನೆಯ ಎರಡು ಪುಟ್ಟ ವಿಮಾನಗಳನ್ನು ಹೊಡೆದುರುಳಿಸಿತು. ಅಮೆರಿಕದಲ್ಲಿ ಸಿಟ್ಟು ಭುಗಿಲೆದ್ದಿತು. ಮುಂದಿನ ತಿಂಗಳೇ ಹೆಲ್ಮ್ಸ್–ಬರ್ಟನ್ ಕಾನೂನಿಗೆ ಕ್ಲಿಂಟನ್ ಸಹಿ ಬಿತ್ತು. ಆವತ್ತಿನವರೆಗೆ ಆದೇಶ, ನಿಯಮಗಳ ರೂಪದಲ್ಲಿದ್ದ ಇಡೀ ನಿರ್ಬಂಧವನ್ನು ಆ ಕಾನೂನು ಇದ್ದ ಹಾಗೇ ಗಟ್ಟಿ ಮಾಡಿಬಿಟ್ಟಿತು. ಮುಗಿಯುವ ಷರತ್ತು? ಫಿಡೆಲ್ ಮತ್ತು ರಾವುಲ್ ಕ್ಯಾಸ್ಟ್ರೋ ಇಲ್ಲದ ಹೊಸ ಸರ್ಕಾರ ಬರಬೇಕು, ಜತೆಗೆ ಇನ್ನೂ ಹಲವು.

ಗಮನಿಸಿ, ಎರಡು ಕಾನೂನಿನಲ್ಲೂ ವ್ಯಕ್ತಿಗಳ ಹೆಸರಿದೆ. ಒಂದು ಕಾನೂನು ಮಂಡೇಲಾ ಅವರನ್ನು ಹೊರಗೆ ಬಿಡಿ ಎಂದಿತು. ಇನ್ನೊಂದು ಕ್ಯಾಸ್ಟ್ರೋ ಮನೆಗೆ ಹೋಗಲಿ ಎಂದಿತು. ಮೊದಲನೆಯದನ್ನು ಆ ಸರ್ಕಾರವೇ ಮಾಡಿ ಕೈ ತೊಳೆದುಕೊಳ್ಳಬಹುದು. ಎರಡನೆಯದನ್ನು ಮಾಡಬೇಕೆಂದರೆ ಆ ಸರ್ಕಾರ ತನ್ನನ್ನೇ ಕಿತ್ತು ಹಾಕಿಕೊಳ್ಳಬೇಕು. ಯಾವ ಸರ್ಕಾರ ಮಾಡುತ್ತದೆ ಸ್ವಾಮಿ? ಫಿಡೆಲ್ 2016ರಲ್ಲಿ ತೀರಿಕೊಂಡರು. ರಾವುಲ್ 2018ರಲ್ಲಿ ಅಧ್ಯಕ್ಷ ಪದವಿ ಬಿಟ್ಟರು. ನಿರ್ಬಂಧ ಹೋಗಲಿಲ್ಲ. ನಡುವೆ 2014ರ ಡಿಸೆಂಬರ್‌ನಲ್ಲಿ ಒಬಾಮಾ ಕ್ಯೂಬಾದ ಜತೆ ಸಂಬಂಧ ಸರಿಪಡಿಸುವುದಾಗಿ ಘೋಷಿಸಿದರು, 2016ರಲ್ಲಿ ಹವಾನಾಕ್ಕೂ ಹೋಗಿ ಬಂದರು. ಆದರೂ ವ್ಯಾಪಾರದ ನಿರ್ಬಂಧ ತೆಗೆಯಲು ಅವರ ಕೈಲಾಗಲಿಲ್ಲ. ಹಳೆಯ ನಿಯಮಗಳಲ್ಲಿ ಲೈಸೆನ್ಸ್ ಕೊಡುವ ಅಧಿಕಾರವೊಂದು ಉಳಿದುಕೊಂಡಿತ್ತು. ಆ ಸಂದಿಯಲ್ಲಿ ವಿಮಾನಯಾನ, ಪ್ರವಾಸ, ಹಣ ಕಳಿಸುವುದು ಇಂಥವಕ್ಕೆ ಸ್ವಲ್ಪ ಸಡಿಲ ಕೊಟ್ಟರು. ಅಷ್ಟೇ. ಜಗತ್ತಿನ ಅತಿ ಬಲಶಾಲಿ ಎನ್ನುವ ಅಧಿಕಾರಿಯ ಕೈಯನ್ನು ಇಪ್ಪತ್ತು ವರ್ಷ ಹಿಂದಿನ ಒಂದು ಸಿಟ್ಟು ಕಟ್ಟಿಹಾಕಿತ್ತು.

ಇದೆಲ್ಲ ದೂರದ ಕಥೆ ಎನಿಸಬಹುದು. ನಮ್ಮ ಊರೇ ಇಂಥ ಕಾನೂನಿನ ಏಟು ತಿಂದಿದೆ. 1998ರ ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಯಿತು. ಕ್ಲಿಂಟನ್ ಕೂತು ಯೋಚಿಸಲು ಜಾಗವೇ ಇರಲಿಲ್ಲ. ಅಣು ಪರೀಕ್ಷೆ ಮಾಡಿದ ದೇಶಕ್ಕೆ ಏನೇನು ನಿಲ್ಲಿಸಬೇಕು ಎಂದು 1994ರ ಕಾನೂನಿನಲ್ಲಿ ಮೊದಲೇ ಬರೆದಾಗಿತ್ತು. ಶಸ್ತ್ರಾಸ್ತ್ರ, ನೆರವು, ಸರ್ಕಾರಕ್ಕೆ ಬ್ಯಾಂಕ್ ಸಾಲ, ಸೂಕ್ಷ್ಮ ತಂತ್ರಜ್ಞಾನ, ಎಲ್ಲ ಬಂದ್. ಅದನ್ನು ತಂದವರು ಸೆನೆಟರ್ ಜಾನ್ ಗ್ಲೆನ್. ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ ಗಗನಯಾತ್ರಿ ಅವರೇ. ರಾಕೆಟ್ ಏರಿದವರ ಕಾನೂನು ನಮ್ಮ ಇಸ್ರೊಗೆ ಬಿಡಿಭಾಗ ಸಿಗದ ಹಾಗೆ ಮಾಡಿತು, ವಿಚಿತ್ರ.

ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅದನ್ನು ವಿನ್ಯಾಸ ಮಾಡಿದ ಬೆಂಗಳೂರಿನ ಸರ್ಕಾರಿ ಸಂಸ್ಥೆ ಎಡಿಎದ ಎಂಜಿನಿಯರುಗಳು ಆಗ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಜತೆ ಕೆಲಸ ಮಾಡುತ್ತಿದ್ದರು. ಅವರು ಅರ್ಧಕ್ಕೇ ಬಿಟ್ಟು ವಾಪಸ್ ಬರಬೇಕಾಯಿತು. ಕೆಲಸವನ್ನು ಇಲ್ಲೇ ಕೂತು ಮುಗಿಸಿದರು. 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ತೇಜಸ್ ಮೊದಲ ಸಲ ಹಾರಿತು. ನಿರ್ಬಂಧದಿಂದ ಒಳ್ಳೆಯದೇ ಆಯಿತು ಎಂದು ಇದನ್ನು ತೋರಿಸಿ ವಾದಿಸುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸರ್ಕಾರದ ಹಣ, ವರ್ಷಗಟ್ಟಲೆ ಸಮಯ ಇದ್ದ ಸಂಸ್ಥೆ ತಾಳಿಕೊಂಡಿತು. ಅದೇ ಏಟು ಸಣ್ಣ ಕಾರ್ಖಾನೆಗೆ ಬಿದ್ದಿದ್ದರೆ ಬಾಗಿಲು ಹಾಕಬೇಕಾಗುತ್ತಿತ್ತು.

ಆ ಕಾನೂನು ಬರೆದವರಿಗೇ ಏನಾಯಿತು ಗೊತ್ತಾ? ನಮ್ಮ ಬೆನ್ನಿಗೇ ಪಾಕಿಸ್ತಾನವೂ ಪರೀಕ್ಷೆ ಮಾಡಿತು, ಅದಕ್ಕೂ ಅದೇ ನಿರ್ಬಂಧ ಬಿತ್ತು. ಪಾಕಿಸ್ತಾನ ಅಮೆರಿಕದ ಗೋಧಿಯ ದೊಡ್ಡ ಗಿರಾಕಿ. ಕೊಳ್ಳಲು ಅಮೆರಿಕ ಸರ್ಕಾರದ ಸಾಲದ ಖಾತರಿ ಬೇಕು. ಕಾನೂನು ಅದನ್ನೂ ಮುಚ್ಚಿತ್ತು. ವಾಷಿಂಗ್ಟನ್ ರಾಜ್ಯದ ಗೋಧಿ ಬೆಳೆಗಾರರು ಗಲಾಟೆ ಎಬ್ಬಿಸಿದರು. 1998ರ ಜುಲೈ ಮಧ್ಯದೊಳಗೆ ಸಂಸತ್ತು ಓಡಿ ಬಂದು ಕೃಷಿ ಸಾಲಕ್ಕೆ ವಿನಾಯಿತಿ ಕೊಡುವ ಹೊಸ ಕಾನೂನು ಮಾಡಿತು. ತನ್ನ ರೈತನಿಗೆ ತಟ್ಟಿದಾಗ ಎರಡು ತಿಂಗಳು ಸಾಕಾಯಿತು. ನಮ್ಮ ವಿಷಯಕ್ಕೆ ನಿಧಾನ. ಸೆನೆಟರ್ ಬ್ರೌನ್‌ಬ್ಯಾಕ್ ಅವರ ತಿದ್ದುಪಡಿ 1998ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರಿಗೆ ಒಂದು ವರ್ಷದ ಮಟ್ಟಿಗೆ ವಿನಾಯಿತಿ ಅಧಿಕಾರ ಕೊಟ್ಟಿತು. 1999ರಲ್ಲಿ ಅದು ಕಾಯಂ ಆಯಿತು. ಉಳಿದ ನಿರ್ಬಂಧ ಹೋದದ್ದು 2001ರ ಸೆಪ್ಟೆಂಬರ್ 22ಕ್ಕೆ. ಅದೂ ನ್ಯೂಯಾರ್ಕ್ ಮೇಲಿನ ದಾಳಿಯ ನಂತರ ನಾವು, ಪಾಕಿಸ್ತಾನ ಇಬ್ಬರೂ ಅವರಿಗೆ ಬೇಕಾದಾಗ. ಇಸ್ರೊ, ಡಿಆರ್‌ಡಿಒದ ಕೆಲವು ಘಟಕಗಳ ಹೆಸರು ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಿಂದ ಹೋಗಲು 2011ರ ಜನವರಿಯವರೆಗೆ ಕಾಯಬೇಕಾಯಿತು.

ವಿನಾಯಿತಿ ಅಧಿಕಾರ ಇಟ್ಟರೆ ಏನಾಗುತ್ತದೆ ಎನ್ನುವುದಕ್ಕೆ 2017ರ ಕಾಟ್ಸಾ ಕಾನೂನು ನೋಡಿ. ರಷ್ಯಾದ ಮೇಲೆ ಒಬಾಮಾ ಹೊರಡಿಸಿದ್ದ ಆದೇಶಗಳನ್ನು ಟ್ರಂಪ್ ಸದ್ದಿಲ್ಲದೆ ತೆಗೆದುಬಿಡುತ್ತಾರೆ ಎಂಬ ಅನುಮಾನ ಸಂಸತ್ತಿಗಿತ್ತು. ಆ ಆದೇಶಗಳನ್ನೇ ಎತ್ತಿ ಕಾನೂನಿನೊಳಗೆ ಇಟ್ಟರು. ತೆಗೆಯುವ ಮೊದಲು ನಮಗೆ ಹೇಳಬೇಕು, ನಾವು ಪರಿಶೀಲಿಸುತ್ತೇವೆ ಎಂದೂ ಸೇರಿಸಿದರು. ಕೆಳಮನೆಯಲ್ಲಿ 419–3, ಸೆನೆಟ್‌ನಲ್ಲಿ 98–2. ಟ್ರಂಪ್ ಗೊಣಗುತ್ತಲೇ ಸಹಿ ಹಾಕಿದರು. ಅದೇ ಕಾನೂನಿನಲ್ಲಿ ರಷ್ಯಾದಿಂದ ದೊಡ್ಡ ಶಸ್ತ್ರ ಕೊಳ್ಳುವ ದೇಶಕ್ಕೂ ದಂಡ ಇದೆ. ಎಸ್-400 ಕ್ಷಿಪಣಿ ವ್ಯವಸ್ಥೆ ಕೊಂಡ ಟರ್ಕಿಯ ಮೇಲೆ 2020ರ ಡಿಸೆಂಬರ್‌ನಲ್ಲಿ ಅದು ಬಿತ್ತು. ಭಾರತ 2018ರ ಅಕ್ಟೋಬರ್‌ನಲ್ಲಿ ಅದೇ ಎಸ್-400ಕ್ಕೆ ಒಪ್ಪಂದ ಮಾಡಿಕೊಂಡಿತು, 2021ರ ಕೊನೆಗೆ ಸರಕೂ ಬರಲು ಶುರುವಾಯಿತು. ನಮ್ಮ ಮೇಲೆ ಬೀಳಲಿಲ್ಲ. ಒಂದೇ ಕಾನೂನು, ಒಂದೇ ಕ್ಷಿಪಣಿ. ಹೀಗಾಗಿ 500 ಪರ್ಸೆಂಟ್ ಎಂಬ ಅಂಕಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅಂಕಿಯ ಪಕ್ಕದಲ್ಲಿ ಅಧ್ಯಕ್ಷರಿಗೆ ಎಷ್ಟು ಸಡಿಲ ಬಿಟ್ಟಿದ್ದಾರೆ ಎನ್ನುವುದೇ ನಿಮ್ಮ ಮಟ್ಟಿಗೆ ಲೆಕ್ಕಕ್ಕೆ ಬರುವುದು.

ಐರೋಪ್ಯ ಒಕ್ಕೂಟದವರು ಇನ್ನೊಂದು ಉಪಾಯ ಮಾಡಿದ್ದಾರೆ. ರಷ್ಯಾ ಮೇಲಿನ ಅವರ ಆರ್ಥಿಕ ನಿರ್ಬಂಧಕ್ಕೆ ಆರು ತಿಂಗಳ ಆಯಸ್ಸು. ಎಲ್ಲ ಸದಸ್ಯ ದೇಶಗಳೂ ಒಪ್ಪಿ ಮುಂದುವರಿಸಬೇಕು. ಮುಂದುವರಿಸದಿದ್ದರೆ ತಾನಾಗಿ ಬಿದ್ದುಹೋಗುತ್ತದೆ. ಪ್ರತಿ ಸಲವೂ ಎಳೆದಾಟ ನಡೆಯುತ್ತದೆ, ನಿಜ. ಆದರೂ ಆರು ತಿಂಗಳಿಗೊಮ್ಮೆ ಇದು ಇನ್ನೂ ಬೇಕಾ ಎಂದು ಕೇಳಿಕೊಳ್ಳುವ ಕಾನೂನೇ ನನಗೆ ಮೆಚ್ಚು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅಮೆರಿಕದ ಕಾನೂನು ಪೀಣ್ಯದಲ್ಲಿ ಕಾನೂನಲ್ಲ. ಅದನ್ನು ಮುರಿದಿರಿ ಎಂದು ಇಲ್ಲಿನ ಪೊಲೀಸರು ಬರುವುದಿಲ್ಲ. ಒಂದು ದೇಶ ತಾನಾಗಿ ಹಾಕಿದ ನಿರ್ಬಂಧವನ್ನು ಒಪ್ಪುವುದಿಲ್ಲ, ವಿಶ್ವಸಂಸ್ಥೆ ಹಾಕಿದ್ದನ್ನು ಮಾತ್ರ ಒಪ್ಪುತ್ತೇವೆ ಎನ್ನುವುದೇ ಭಾರತ ಸರ್ಕಾರದ ನಿಲುವು. ಆದರೆ ಅದು ನಿಮ್ಮ ಬಳಿ ಬರುವುದು ಬ್ಯಾಂಕಿನ ಮೂಲಕ. ನೀವು ದುಬೈಗೆ ಮಾಲು ಕಳಿಸಿ ಡಾಲರ್‌ನಲ್ಲಿ ಬಿಲ್ ಮಾಡಿದಿರಿ ಅಂದುಕೊಳ್ಳಿ. ಆ ಡಾಲರ್ ಸಾಮಾನ್ಯವಾಗಿ ಅಮೆರಿಕದ ಯಾವುದೋ ಬ್ಯಾಂಕಿನ ಖಾತೆ ಮುಟ್ಟಿಯೇ ಬರುತ್ತದೆ. ಆ ಖಾತೆ ಮುಚ್ಚಿದರೆ ನಿಮ್ಮ ಬ್ಯಾಂಕಿನ ವಿದೇಶಿ ವ್ಯವಹಾರವೇ ನಿಂತಂತೆ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪಾರಿಬಾಸ್ ಬ್ಯಾಂಕ್ ಸುಡಾನ್, ಇರಾನ್, ಕ್ಯೂಬಾ ಹಣ ಸಾಗಿಸಿದ್ದಕ್ಕೆ ಸುಮಾರು 890 ಕೋಟಿ ಡಾಲರ್ ತೆತ್ತಿತು. ಅಂದಿನಿಂದ ಎಲ್ಲ ಬ್ಯಾಂಕುಗಳಲ್ಲಿ ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ವಿಭಾಗಕ್ಕೂ ಚಳಿ ಹಿಡಿದಿದೆ. ನಿಮ್ಮ ಮ್ಯಾನೇಜರ್ ಸುಮ್ನೆ ಕಾಗದ ಕೇಳುತ್ತಾರೆ ಎಂದು ಬೇಜಾರು ಮಾಡಿಕೊಳ್ಳಬೇಡಿ.

ಬ್ಯಾಂಕಿಗೇ ಗುರಿಯಿಟ್ಟು ಕಾನೂನು ಬರೆಯುವುದನ್ನು ಅಮೆರಿಕ ಚೆನ್ನಾಗಿ ಕಲಿತದ್ದು ಇರಾನ್ ವಿಷಯದಲ್ಲಿ. 2011ರ ಡಿಸೆಂಬರ್‌ನಲ್ಲಿ ಸೆನೆಟ್ 100–0 ಮತದಿಂದ ಒಂದು ತಿದ್ದುಪಡಿ ಮಾಡಿತು. ಇರಾನ್ ಕೇಂದ್ರ ಬ್ಯಾಂಕಿನ ಜತೆ ತೈಲ ವ್ಯವಹಾರ ಮಾಡುವ ಯಾವ ದೇಶದ ಬ್ಯಾಂಕಿಗೂ ಅಮೆರಿಕದಲ್ಲಿ ಖಾತೆ ಇಲ್ಲ ಎಂಬುದು ಅದರ ತಿರುಳು. ತೈಲ ಖರೀದಿ ಕಡಿಮೆ ಮಾಡಿದ ದೇಶಕ್ಕೆ 180 ದಿನಗಳ ವಿನಾಯಿತಿ. 2012ರ ಜೂನ್‌ನಲ್ಲಿ ಭಾರತಕ್ಕೂ ಸಿಕ್ಕಿತು. ಅದೇ ಸಮಯದಲ್ಲಿ ನಾವು ತೈಲದ ಹಣದ 45 ಪರ್ಸೆಂಟನ್ನು ಕೋಲ್ಕತ್ತದ ಯೂಕೊ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಇಡುವ ವ್ಯವಸ್ಥೆ ಮಾಡಿಕೊಂಡೆವು. ಆ ಬ್ಯಾಂಕಿಗೆ ಅಮೆರಿಕದ ವ್ಯವಹಾರ ಅಷ್ಟಾಗಿ ಇರಲಿಲ್ಲ. ಕಳೆದುಕೊಳ್ಳುವುದೂ ಕಡಿಮೆ. ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸ್ಮತಿ, ಟೀ ಕೊಂಡಿತು. ಕಾನೂನು ಬರೆಯುವವರು ಎಷ್ಟೇ ಜಾಣರಾದರೂ ವ್ಯಾಪಾರಿಗಳು ಅರ್ಧ ಹೆಜ್ಜೆ ಮುಂದೆ ಇರುತ್ತಾರೆ.

ಈಚಿನ ಉದಾಹರಣೆ ಗುಜರಾತಿನ ವಾಡಿನಾರ್‌ನಲ್ಲಿರುವ, ರಷ್ಯಾದ ತೈಲ ಕಂಪನಿಯ ಪಾಲಿರುವ ನಯಾರಾ ರಿಫೈನರಿ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಅದನ್ನು ತನ್ನ ನಿರ್ಬಂಧದ ಪಟ್ಟಿಗೆ ಸೇರಿಸಿತು. ಕೆಲವೇ ದಿನಗಳಲ್ಲಿ ಮೈಕ್ರೊಸಾಫ್ಟ್ ಅದರ ಇಮೇಲ್ ಇತ್ಯಾದಿ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಸೇವೆ ಮರಳಿ ಬಂತು. ಭಾರತದ ನೆಲದಲ್ಲಿರುವ ಕಂಪನಿ, ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್. ಆದರೂ ಬ್ರಸೆಲ್ಸ್‌ನ ಕಾಗದ ಅಲ್ಲಿವರೆಗೂ ತಲುಪಿತು.

ಮೂರನೇ ಪ್ರಶ್ನೆ, ನಮ್ಮಲ್ಲಿ? ವಿದೇಶಿ ಸರ್ಕಾರವೊಂದರ ಹೆಸರು ಹಿಡಿದು ನಿರ್ಬಂಧ ಹಾಕುವ ಅಮೆರಿಕದ ಥರದ ಕಾನೂನನ್ನು ನಮ್ಮ ಸಂಸತ್ತು ಮಾಡುವ ರೂಢಿಯಿಲ್ಲ. ನಿರ್ಬಂಧ ಮಾತ್ರ ಹಾಕುತ್ತೇವೆ, ಧಾರಾಳವಾಗಿ. ಸ್ವಾತಂತ್ರ್ಯಕ್ಕೂ ಮೊದಲೇ, 1946ರಲ್ಲಿ, ದಕ್ಷಿಣ ಆಫ್ರಿಕಾದ ಜತೆ ವ್ಯಾಪಾರ ಕಡಿದುಕೊಂಡ ಮೊದಲ ದೇಶ ಭಾರತ. ಅಮೆರಿಕದವರಿಗಿಂತ ನಲವತ್ತು ವರ್ಷ ಮುಂಚೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹಾಕಿದ ನಿರ್ಬಂಧಗಳನ್ನು ಇಲ್ಲಿ ಜಾರಿಗೆ ತರಲು 1947ರ ಒಂದು ಪುಟ್ಟ ಕಾಯ್ದೆ ಇದೆ. ಅದರಡಿ ಕೇಂದ್ರ ಸರ್ಕಾರ ಆದೇಶ ಹೊರಡಿಸುತ್ತದೆ. ಉಳಿದ ಕೆಲಸ ಹೆಚ್ಚಾಗಿ 1992ರ ವಿದೇಶಿ ವ್ಯಾಪಾರ ಕಾಯ್ದೆಯದ್ದು. ಪಹಲ್ಗಾಮ್ ದಾಳಿಯ ನಂತರ, 2025ರ ಮೇ 2ರಂದು, ಪಾಕಿಸ್ತಾನದಿಂದ ಬರುವ ಎಲ್ಲ ಆಮದನ್ನೂ ನಿಷೇಧಿಸಿದ್ದು ಡಿಜಿಎಫ್‌ಟಿಯ, ಅಂದರೆ ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆ. ವಿದೇಶಿ ವ್ಯಾಪಾರ ನೀತಿಯಲ್ಲಿ ಒಂದು ಹೊಸ ಪ್ಯಾರಾ ಸೇರಿಸಿದರು, ಮುಗಿಯಿತು. 2019ರಲ್ಲಿ ಪುಲ್ವಾಮಾ ನಂತರ 200 ಪರ್ಸೆಂಟ್ ಸುಂಕ ಹಾಕಿದ್ದೂ ಅಧಿಸೂಚನೆಯಿಂದಲೇ.

ಈ ಪದ್ಧತಿಗೆ ಒಂದು ಒಳ್ಳೆಯ ಗುಣ ಇದೆ. ಹಾಕಿದಷ್ಟೇ ಸುಲಭವಾಗಿ ತೆಗೆಯಬಹುದು. ರಾಜತಾಂತ್ರಿಕರ ಕೈ ಬಿಗಿಯುವುದಿಲ್ಲ. ಕ್ಯೂಬಾದ ಗೋಳು ನಮಗಿಲ್ಲ. ಕೊರತೆಯೂ ಅಲ್ಲೇ ಇದೆ. ಮುಂದಿನ ಆದೇಶದವರೆಗೆ ಎಂದು ಬರೆದರೆ ಅದಕ್ಕೆ ಕೊನೆ ದಿನವೇ ಇಲ್ಲ. ಯಾಕೆ ಹಾಕಿದೆವು, ಏನಾದರೆ ತೆಗೆಯುತ್ತೇವೆ ಎಂದು ಸಂಸತ್ತಿಗೆ ಬಂದು ಹೇಳಲೇಬೇಕಾದ ಪರಿಪಾಠವೂ ಬಲವಾಗಿಲ್ಲ. ನನ್ನನ್ನು ಕೇಳಿದರೆ, ದೇಶದ ಹೆಸರು ಹಿಡಿದ ಕಾನೂನು ನಮಗೆ ಬೇಡವೇ ಬೇಡ. ಬೇಕಾಗಿರುವುದು ಒಂದು ಚೌಕಟ್ಟು. ಪ್ರತಿ ನಿರ್ಬಂಧಕ್ಕೂ ಒಂದು ವರ್ಷದ ಆಯಸ್ಸು, ಕಾರಣ ಸಂಸತ್ತಿನ ಮುಂದೆ, ಔಷಧ ಮತ್ತು ಆಹಾರಕ್ಕೆ ಮೊದಲೇ ವಿನಾಯಿತಿ, ಪಟ್ಟಿಗೆ ಹೆಸರು ಸೇರಿದವರ ಮಾತು ಕೇಳಲು ಒಂದು ಜಾಗ. ಕೊನೆಯದು ಚಿಕ್ಕ ವಿಷಯವಲ್ಲ. ಕಾದಿ ಎಂಬ ಸೌದಿ ಉದ್ಯಮಿಯ ಮೊಕದ್ದಮೆಯಲ್ಲಿ 2008ರಲ್ಲಿ ಐರೋಪ್ಯ ನ್ಯಾಯಾಲಯ ಇದೇ ಮಾತು ಹೇಳಿತು. ವಿಶ್ವಸಂಸ್ಥೆಯ ಪಟ್ಟಿಯಿಂದ ಬಂದ ಹೆಸರಾದರೂ ಆತನ ವಾದ ಕೇಳದೆ ಆಸ್ತಿ ತಡೆಯುವ ಹಾಗಿಲ್ಲ ಎಂದು ಆ ನಿಯಮವನ್ನೇ ಆತನ ಮಟ್ಟಿಗೆ ರದ್ದು ಮಾಡಿತು.

ನಿಮ್ಮ ಕಾರ್ಖಾನೆಗೆ ಬರೋಣ. ಬೇರಿಂಗ್ ಎಂದಿರಿ. ರಷ್ಯಾಕ್ಕೆ ಹೋಗಬಾರದು ಎಂದು ಅಮೆರಿಕ, ಯುರೋಪ್, ಬ್ರಿಟನ್, ಜಪಾನ್ ಸೇರಿ ಮಾಡಿದ ಆದ್ಯತಾ ಪಟ್ಟಿಯಲ್ಲಿ ಚಿಪ್‌ಗಳ ಜತೆ ಬೇರಿಂಗ್‌ಗಳೂ ಇವೆ. ನಿಮ್ಮ ಮಾಲಿನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕು ಗುರುತಿಸುವ ಸಂಖ್ಯೆ) ಅದರಲ್ಲಿದೆಯೇ ಎಂದು ಮೊದಲು ನೋಡಿಸಿ. ಹೊಸದಾಗಿ ಹುಟ್ಟಿದ ಟ್ರೇಡಿಂಗ್ ಕಂಪನಿಯೊಂದು ಮೂರನೇ ದೇಶದಿಂದ ಇದ್ದಕ್ಕಿದ್ದಂತೆ ದೊಡ್ಡ ಆರ್ಡರ್ ಕೊಟ್ಟು, ಅಂತಿಮ ಬಳಕೆದಾರ ಯಾರು ಎಂದರೆ ತಡವರಿಸಿದರೆ ಆ ಆರ್ಡರ್ ಬಿಡಿ. ಕೊಳ್ಳುವವರ ಹೆಸರು ಅಮೆರಿಕದ ಪಟ್ಟಿಯಲ್ಲಿ ಇಲ್ಲದಿದ್ದರೂ, ಆ ಕಂಪನಿಯ 50 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಪಾಲು ಪಟ್ಟಿಯಲ್ಲಿರುವವರದ್ದಾದರೆ ಅದೂ ಪಟ್ಟಿಯಲ್ಲಿ ಇದ್ದಂತೆಯೇ ಲೆಕ್ಕ.

ಒಪ್ಪಂದದಲ್ಲಿ ನಿರ್ಬಂಧದ ಬಗ್ಗೆ ಒಂದು ಕಲಂ ಇರುತ್ತದೆ. ಸಾಮಾನ್ಯವಾಗಿ ಕೊಳ್ಳುವವರು ತಮಗೆ ಬೇಕಾದಂತೆ ಬರೆದು ಕಳಿಸುತ್ತಾರೆ, ನಮ್ಮವರು ಓದದೆ ಸಹಿ ಹಾಕುತ್ತಾರೆ. ವಿದೇಶಿ ಕಾನೂನು ಇಲ್ಲಿ ಕಾನೂನಲ್ಲ ಎಂದೆನಲ್ಲ, ಆದರೆ ಅದನ್ನು ಪಾಲಿಸುತ್ತೇನೆ ಎಂದು ನೀವೇ ಬರೆದುಕೊಟ್ಟರೆ ಅದು ನಿಮ್ಮ ಮಾತಾಗುತ್ತದೆ, ನ್ಯಾಯಾಲಯ ಅದಕ್ಕೆ ನಿಮ್ಮನ್ನು ಹಿಡಿಯಬಹುದು. ನಿರ್ಬಂಧ ಬಂದರೆ ಆಗಲೇ ತಯಾರಾದ ಮಾಲಿನ ಹಣ ಯಾರು ಕೊಡಬೇಕು ಎಂಬ ಒಂದು ವಾಕ್ಯ ಸೇರಿಸಿಕೊಳ್ಳಿ. ಅದಿಲ್ಲದಿದ್ದರೆ ಒಪ್ಪಂದ ನಡೆಸಲಾಗದಂತಾಯಿತು ಎಂದು 1872ರ ಕರಾರು ಕಾಯ್ದೆಯ 56ನೇ ಸೆಕ್ಷನ್ ಹಿಡಿದು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಕಷ್ಟವಾಯಿತು, ಖರ್ಚು ಜಾಸ್ತಿಯಾಯಿತು ಎಂದಷ್ಟೇ ಹೇಳಿದರೆ ಆ ಸೆಕ್ಷನ್ ಕೆಲಸಕ್ಕೆ ಬರುವುದಿಲ್ಲ.

ನಮ್ಮದೇ ಸರ್ಕಾರ ದಿಢೀರ್ ನಿಷೇಧ ಹಾಕಿದಾಗ ವಿದೇಶಿ ವ್ಯಾಪಾರ ನೀತಿಯ 1.05ನೇ ಪ್ಯಾರಾ ನೆನಪಿರಲಿ. ನಿಷೇಧದ ದಿನಕ್ಕೆ ಮೊದಲೇ ಬಿಲ್ ಆಫ್ ಲೇಡಿಂಗ್ (ಮಾಲು ಹಡಗಿಗೆ ಏರಿತು ಎಂಬ ದಾಖಲೆ) ಆಗಿದ್ದರೆ ಅಥವಾ ರದ್ದು ಮಾಡಲಾಗದ ಎಲ್‌ಸಿ (ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಭರವಸೆ ಪತ್ರ) ತೆರೆದಿದ್ದರೆ ಸಾಮಾನ್ಯವಾಗಿ ಆ ಮಾಲಿಗೆ ರಕ್ಷಣೆ ಸಿಗುತ್ತದೆ. ಅಧಿಸೂಚನೆಯಲ್ಲೇ ಅದನ್ನು ತೆಗೆದುಹಾಕಿದ್ದರೆ ಇಲ್ಲ. ಆದ್ದರಿಂದ ವಾಟ್ಸ್ಯಾಪ್‌ನಲ್ಲಿ ಬಂದ ಸಾರಾಂಶ ನಂಬಬೇಡಿ, ಅಧಿಸೂಚನೆಯನ್ನೇ ತೆಗೆದು ಓದಿ. ಗೊಂದಲವಿದ್ದರೆ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಡಿಜಿಎಫ್‌ಟಿ ಕಚೇರಿಗೆ ಲಿಖಿತವಾಗಿ ಕೇಳಿ, ಬಾಯಿಮಾತಿನ ಉತ್ತರ ತರಬೇಡಿ.